ಎಚ್‌ಆರ್‌ ಸೆಷನ್ ವರದಿ ಕೇಳಿದರೆ ಕೋಚ್ ಎಷ್ಟು ಕೊಡಬಹುದು?

ಹೊಸಕೋಚ್:
ನಮಸ್ಕಾರ. ಒಂದು ಕಂಪನಿ ತನ್ನ 6 ಮ್ಯಾನೇಜರ್‌ಗಳಿಗೆ ತಲಾ 8 ಸೆಷನ್ ಕೋಚಿಂಗ್ (ಕೆಲಸದ ಗುರಿಗಳ ಬಗ್ಗೆ ಒಬ್ಬೊಬ್ಬರ ಜೊತೆ ಮಾತುಕತೆ) ಕೇಳಿದೆ. ದುಡ್ಡು ಕಂಪನಿಯದು. ಕರಡು ಒಪ್ಪಂದದಲ್ಲಿ "ಪ್ರತಿ ಸೆಷನ್ ನಂತರ ಎಚ್‌ಆರ್‌ಗೆ ವರದಿ" ಎಂಬ ಸಾಲಿದೆ. ಕೊನೆಗೆ ಆರೂ ಜನರನ್ನು ಕೂರಿಸಿ ಒಂದು ಗುಂಪು ಸಭೆಯನ್ನೂ ನಾನೇ ನಡೆಸಿಕೊಡಬೇಕಂತೆ. ಏನು ಬದಲಿಸಲು ಕೇಳಲಿ? ಸಂಬಂಧ ಕೆಡದ ಹಾಗೆ ಹೇಳುವುದು ಹೇಗೆ?

ಕೆಂಪುಪೆನ್:
ಆ ಸಾಲು ಹೋಗಲೇಬೇಕು. ಅದಿದ್ದರೆ ಎರಡನೇ ಸೆಷನ್ ಹೊತ್ತಿಗೆ ಮ್ಯಾನೇಜರ್‌ಗಳು ಎಚ್‌ಆರ್‌ ಕಿವಿಗೆ ಹಿತವಾದದ್ದನ್ನಷ್ಟೇ ಮಾತಾಡುತ್ತಾರೆ.

ಶುರುವಿಗೆ ಮುಂಚೆ ಮೂರೂ ಕಡೆಯವರು ಕೂರಿ: ನೀವು, ಕೋಚಿಂಗ್ ಪಡೆಯುವವರು, ಅವರ ಬಾಸ್ ಅಥವಾ ಎಚ್‌ಆರ್‌. 45 ನಿಮಿಷ ಸಾಕು. ಗುರಿ ಎರಡು, ಹೆಚ್ಚೆಂದರೆ ಮೂರು, ಎಲ್ಲರೆದುರೇ ಬರೆದುಕೊಳ್ಳಿ. ಕಂಪನಿಗೆ ಸಿಗುವುದು ಸೆಷನ್ ದಿನಾಂಕ, ಹಾಜರಿ, ಆ ಗುರಿಗಳು. ನಾಲ್ಕನೇ ಸೆಷನ್ ಆದ ಮೇಲೆ ಒಮ್ಮೆ, ಕೊನೆಗೆ ಒಮ್ಮೆ ಮತ್ತೆ ಮೂವರೂ ಸೇರಿ. ಅಲ್ಲಿ ಏನು ಬದಲಾಯಿತು ಅಂತ ಮ್ಯಾನೇಜರ್‌ ಬಾಯಿಂದಲೇ ಬರಲಿ, ನೀವು ಸುಮ್ಮನಿರಿ. ಯಾವ ಮಾಹಿತಿ ಯಾರಿಗೆ ಹೋಗುತ್ತದೆ ಎಂಬುದು ಮೊದಲೇ ಎಲ್ಲರಿಗೂ ಸ್ಪಷ್ಟವಾಗಿರಬೇಕು ಅಂತ ಕೋಚ್‌ಗಳ ಅಂತರರಾಷ್ಟ್ರೀಯ ಸಂಘ ಐಸಿಎಫ್‌ನ ನೀತಿಸಂಹಿತೆಯೂ ಹೇಳುತ್ತದೆ.

"ಹೆಸರಿಲ್ಲದೆ ಸಾರಾಂಶ ಕೊಡ್ತೀನಿ" ಅನ್ನುವ ರಾಜಿಗೆ ಬೀಳಬೇಡಿ. ಇರುವುದೇ ಆರು ಜನ. "ಒಬ್ಬರಿಗೆ ವರ್ಗಾವಣೆಯ ಚಿಂತೆ" ಅಂದರೆ ಸಾಕು, ಯಾರಂತ ಗೊತ್ತಾಗಿಬಿಡುತ್ತದೆ.

ಎಚ್‌ಆರ್‌ ಹತ್ತಿರ "ಕೊಡಲ್ಲ" ಅನ್ನುವ ಬದಲು "ಆ ವರದಿ ನೋಡಿ ನೀವು ಏನು ತೀರ್ಮಾನ ಮಾಡಬೇಕಿದೆ?" ಅಂತ ಕೇಳಿ. ದುಡ್ಡು ದಂಡವಾಗುತ್ತಿಲ್ಲ ಅಂತ ತಿಳಿಯಬೇಕಿದ್ದರೆ ಹಾಜರಿಪಟ್ಟಿ ಸಾಕು. ಯಾರಿಗೆ ಬಡ್ತಿ ಅಂತ ನೋಡಬೇಕಿದ್ದರೆ ಅದು ಮೌಲ್ಯಮಾಪನ. ಅದಕ್ಕೆ ಬೇರೆಯವರು ಬೇಕು.

ಮರದನೆರಳು:
ಹಾಗಂತ ಮ್ಯಾನೇಜರ್‌ಗಳಿಗೆ "ಎಲ್ಲವೂ ಗುಟ್ಟು" ಅಂತ ಮಾತು ಕೊಡಬೇಡಿ. ವಕೀಲರ ಹತ್ತಿರ ಹೇಳಿಕೊಂಡಿದ್ದಕ್ಕೆ ಇರುವ ಕಾನೂನಿನ ರಕ್ಷಣೆ ಕೋಚ್ ಹತ್ತಿರ ಹೇಳಿಕೊಂಡಿದ್ದಕ್ಕಿಲ್ಲ. ಕೋರ್ಟ್ ಕೇಳಿದರೆ, ಜೀವಕ್ಕೆ ಅಪಾಯವಿದ್ದರೆ ಗುಟ್ಟು ಉಳಿಯುವುದಿಲ್ಲ ಅಂತ ಮೊದಲ ಸೆಷನ್‌ನಲ್ಲೇ ಬಾಯಿಬಿಟ್ಟು ಹೇಳಿ. ನಿದ್ದೆಯಿಲ್ಲ, ಬದುಕು ಸಾಕಾಗಿದೆ ಅನ್ನುವ ಮಾತು ಬಂದರೆ ಗುರಿ ಪಟ್ಟಿ ಮುಚ್ಚಿಡಿ. ಅದು ಕೋಚಿಂಗ್ ಅಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲೂ ರಾತ್ರಿ ಸಿಗುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ.

ಲೈಂಗಿಕ ಕಿರುಕುಳದ ವಿಷಯ ಹೊರಬಂದರೆ ನೀವಾಗಿ ಎಚ್‌ಆರ್‌ ಹತ್ತಿರ ಓಡಬೇಡಿ. 2013ರ ಕಾಯ್ದೆಯಂತೆ ಮಹಿಳೆಯರು ಕಂಪನಿಯ ಆಂತರಿಕ ಸಮಿತಿಗೆ ಘಟನೆಯಾದ 3 ತಿಂಗಳೊಳಗೆ ಲಿಖಿತ ದೂರು ಕೊಡಬೇಕು ಅನ್ನುವುದನ್ನು ತಿಳಿಸಿ. ಕೊಡುವ, ಬಿಡುವ ನಿರ್ಧಾರ ಅವರದು.

ಟಿಪ್ಪಣಿಯಲ್ಲಿ ಹೆಸರಿನ ಬದಲು ಸಂಖ್ಯೆ ಹಾಕಿ, ಎರಡು ಮೂರು ಸಾಲಿಗೆ ಮುಗಿಸಿ, ಯಾವಾಗ ಅಳಿಸುತ್ತೀರಿ ಅಂತಲೂ ಒಪ್ಪಂದದಲ್ಲಿ ಬರೆಯಿರಿ. ಸೋರಿಕೆ ಇನ್ನೊಂದು ಕಡೆಯೂ ಆಗಬಹುದು: ಕಂಪನಿಯ ಖಾತೆಯಲ್ಲಿ ವಿಡಿಯೋ ಕರೆ ಮಾಡಿದರೆ ತಾನಾಗಿ ಆಗುವ ರೆಕಾರ್ಡಿಂಗ್, ಟಿಪ್ಪಣಿ ಕಂಪನಿಯ ಕೈಯಲ್ಲೇ ಇರುತ್ತದೆ. ಕರೆ ನಿಮ್ಮ ಖಾತೆಯಿಂದ ಮಾಡಿ.

ಸುತ್ತುಕುರ್ಚಿ:
ನನ್ನ ತಕರಾರು ಗುಂಪು ಸಭೆಯದು. ಆರೂ ಜನರ ಒಳಗುಟ್ಟು ತಿಳಿದವರು ತಟಸ್ಥ ಫೆಸಿಲಿಟೇಟರ್ (ಸಭೆ ನಡೆಸಿಕೊಡುವವರು) ಆಗಲಾರರು. ನೀವು ಏನೂ ಹೇಳದಿದ್ದರೂ ಯಾವ ಪ್ರಶ್ನೆ ಯಾರ ಕಡೆ ನೋಡಿ ಕೇಳಿದಿರಿ ಎನ್ನುವುದೇ ಸುಳಿವು. ಇನ್ನೊಬ್ಬರನ್ನು ಹಾಕಿಸಿ.

ಯಾರೇ ನಡೆಸಲಿ, "ಯಾವುದು ಈಗಾಗಲೇ ತೀರ್ಮಾನವಾಗಿದೆ, ಯಾವುದು ಇನ್ನೂ ಚರ್ಚೆಗೆ ಬಿಟ್ಟಿದ್ದು?" ಅಂತ ಆಡಳಿತದಿಂದ ಮೊದಲೇ ಬರಹದಲ್ಲಿ ಪಡೆಯಿರಿ. ಮುಗಿದ ತೀರ್ಮಾನಕ್ಕೆ ಗುಂಪಿನ ಒಪ್ಪಿಗೆ ಹಾಕಿಸಿಕೊಡುವುದು ಫೆಸಿಲಿಟೇಶನ್ ಅಲ್ಲ, ಹೆಬ್ಬೆಟ್ಟು ಒತ್ತಿಸುವ ಕೆಲಸ. ಸಭೆಯಲ್ಲಿ ಅಭಿಪ್ರಾಯ ಕೇಳಿ ಚೀಟಿ ಬರೆಸಿದರೆ ಅಕ್ಷರ ನೋಡಿಯೇ ಗುರುತು ಹಿಡಿಯುತ್ತಾರೆ. ಫೆಸಿಲಿಟೇಟರ್ ತನ್ನ ಕೈಬರಹದಲ್ಲಿ ಬೋರ್ಡಿಗೆ ಇಳಿಸಿ ಚೀಟಿ ಹರಿದು ಹಾಕಲಿ.

ಹೊಸಕೋಚ್:
ಎಲ್ಲರಿಗೂ ಧನ್ಯವಾದ. ಹೊಸ ಸಾಲು ಹೀಗಿದೆ: "ಸೆಷನ್ ದಿನಾಂಕ, ಹಾಜರಿ, ಒಪ್ಪಿದ ಗುರಿಗಳು ಹಾಗೂ ಪ್ರಗತಿಯ ಮಟ್ಟವನ್ನು ಮಾತ್ರ ಎಚ್‌ಆರ್‌ಗೆ ತಿಳಿಸಲಾಗುವುದು." ಸರಿಯೇ?

ಕೆಂಪುಪೆನ್:
"ಪ್ರಗತಿಯ ಮಟ್ಟ" ತೆಗೆಯಿರಿ. ಮುಂದಿನ ತಿಂಗಳು ಹತ್ತಕ್ಕೆ ಎಷ್ಟು ಅಂಕ ಅಂತ ಕೇಳುತ್ತಾರೆ.