ಉಳಿದ ಅನ್ನ ತಿಂದ ಹಸು ಯಾಕೆ ಮಂಕಾಗುತ್ತದೆ?

ಹೊಸ_ಕೊಟ್ಟಿಗೆ: ಮದುವೆ, ಜಾತ್ರೆಯಲ್ಲಿ ಉಳಿದ ಅನ್ನವನ್ನು ಹಸುಗಳಿಗೆ ಸುರಿಯುವ ರೂಢಿ ಇದೆ. ಒಣಹುಲ್ಲನ್ನೇ ಅರಗಿಸುವ ಪ್ರಾಣಿಗೆ ಮೆತ್ತಗಿನ ಅನ್ನ ಯಾಕೆ ಅರಗುವುದಿಲ್ಲ? ಸ್ವಲ್ಪ ಹಾಕಿದರೂ ತೊಂದರೆಯೇ?

ಮೇವು_ಮೆಲುಕು: ಅರಗುತ್ತದೆ, ಆದರೆ ತೀರಾ ಬೇಗ ಅರಗುತ್ತದೆ. ತೊಂದರೆ ಅದೇ. ಹಸುವಿನ ಮೊದಲ ಹೊಟ್ಟೆ ನೂರು ಲೀಟರಿಗೂ ಹೆಚ್ಚು ಹಿಡಿಯುವ ಹುದುಗಿನ ತೊಟ್ಟಿ. ಅಲ್ಲಿ ನಾರನ್ನು ಒಡೆಯುವುದು ಸೂಕ್ಷ್ಮಜೀವಿಗಳು. ಅವಕ್ಕೆ ಪಿಎಚ್ (ಹುಳಿಯ ಅಳತೆ, ಸಂಖ್ಯೆ ಇಳಿದಷ್ಟೂ ಹುಳಿ ಹೆಚ್ಚು) 6ರಿಂದ 7ರೊಳಗೆ ಇರಬೇಕು. ಹುಲ್ಲು ತಿಂದ ಹಸು ದಿನಕ್ಕೆ ಆರೇಳು ಗಂಟೆ ಮೆಲುಕು ಹಾಕುತ್ತದೆ. ತಿನ್ನುವಾಗ, ಮೆಲುಕುವಾಗ ಸೇರಿ ದಿನವಿಡೀ ಸುರಿಯುವ ನೂರು ಲೀಟರಿಗೂ ಮಿಕ್ಕಿದ ಜೊಲ್ಲಿನಲ್ಲಿ ಸೋಡಾದ ಅಂಶ ಇರುವುದರಿಂದ ಹುಳಿ ಹದದಲ್ಲಿ ಉಳಿಯುತ್ತದೆ. ಅನ್ನಕ್ಕೆ ಮೆಲುಕು ಬೇಕಿಲ್ಲ, ಜೊಲ್ಲೂ ಅಷ್ಟು ಬರುವುದಿಲ್ಲ. ಪಿಷ್ಟ ತಿನ್ನುವ ಬ್ಯಾಕ್ಟೀರಿಯಾ ಹೆಚ್ಚಿ ಲ್ಯಾಕ್ಟಿಕ್ ಆಮ್ಲ ತುಂಬುತ್ತದೆ. ಪಿಎಚ್ 5ಕ್ಕಿಂತ ಕೆಳಗೆ ಹೋದರೆ ನಾರು ಒಡೆಯುವ ಜೀವಿಗಳು ಸಾಯುತ್ತವೆ, ಹೊಟ್ಟೆಯ ಚಲನೆ ನಿಲ್ಲುತ್ತದೆ, ಮೈಯ ನೀರೆಲ್ಲ ಹೊಟ್ಟೆಗೆ ಎಳೆಯಲ್ಪಡುತ್ತದೆ. ಬದುಕುಳಿದರೂ ಕೆಲವಕ್ಕೆ ಮುಂದೆ ಗೊರಸು ನೋವು ಕಾಡುತ್ತದೆ.

ಹೊಸ_ಕೊಟ್ಟಿಗೆ: ತಿಂದುಬಿಟ್ಟಿದೆ ಅಂತ ಗೊತ್ತಾದರೆ? ಎಣ್ಣೆ ಕುಡಿಸುವುದು ಸರಿಯೇ?

ಪಶು_ಆರೈಕೆ: ಎಣ್ಣೆ ಹೊಟ್ಟೆಯಲ್ಲಿ ನೊರೆ ತುಂಬಿ ಊದುವ ಉಬ್ಬರಕ್ಕೆ ಮದ್ದು, ಈ ಹುಳಿಗೆ ಅಲ್ಲ. ಲಕ್ಷಣ ಕಾಣಲು ಅರ್ಧ ದಿನವೋ ಒಂದು ದಿನವೋ ಹಿಡಿಯುತ್ತದೆ, ಹಾಗಾಗಿ ಕಾಯಬೇಡಿ. ಉಳಿದ ಅನ್ನ ತೆಗೆಯಿರಿ, ರಾಗಿಹುಲ್ಲು ಮುಂದಿಡಿ, ಪಶುವೈದ್ಯರಿಗೆ ಫೋನ್ ಮಾಡಿ. ಅವರು ಹೇಳಿದರೆ 100–150 ಗ್ರಾಂ ಅಡುಗೆ ಸೋಡಾವನ್ನು ಒಂದು ಲೀಟರ್ ನೀರಿನಲ್ಲಿ ಕದಡಿ ಗೊಟ್ಟದಲ್ಲಿ (ಮದ್ದು ಕುಡಿಸುವ ಕೊಳವೆ) ನಿಧಾನವಾಗಿ ಕುಡಿಸಿ. ನಾಲಿಗೆ ಎಳೆದು ಹಿಡಿಯಬೇಡಿ, ಕೆಮ್ಮಿದರೆ ತಲೆ ಬಿಡಿ. ಶ್ವಾಸಕೋಶಕ್ಕೆ ಹೋದರೆ ಹುಳಿಗಿಂತ ಬೇಗ ಕೊಲ್ಲುತ್ತದೆ. ಏಳಲಾಗದೆ ಬಿದ್ದ ಹಸುಗೆ ಬಾಯಲ್ಲಿ ಏನನ್ನೂ ಹಾಕಬಾರದು. ಹುಳಿ ವಾಸನೆಯ ತೆಳು ಸಗಣಿ, ಒಳಗೆ ಹೋದ ಕಣ್ಣು, ಹಲ್ಲು ಕಡಿಯುವುದು ಕಂಡರೆ ರಕ್ತನಾಳಕ್ಕೆ ದ್ರವ ಕೊಡಲೇಬೇಕಾದ ಹಂತ.

ಮೇವು_ಮೆಲುಕು: ಸ್ವಲ್ಪ ಹಾಕಿದರೂ ತೊಂದರೆಯೇ ಅಂದಿರಿ. ಅಭ್ಯಾಸವಿಲ್ಲದ ಹಸುಗೆ ಒಂದೆರಡು ಹಿಡಿ ಸಾಕು, ಅದೂ ಒಣಹುಲ್ಲು ತಿಂದ ಮೇಲೆ. ಹಿಂಡಿ, ಮೆಕ್ಕೆಜೋಳದ ನುಚ್ಚು ಹೆಚ್ಚಿಸುವಾಗಲೂ ಎರಡು ಮೂರು ವಾರ ತೆಗೆದುಕೊಳ್ಳಿ, ದಿನದ ಪಾಲನ್ನು ಎರಡು ಮೂರು ಹೊತ್ತಿಗೆ ಹಂಚಿ. ಹುಲ್ಲನ್ನು ಪುಡಿಯಂತೆ ಕತ್ತರಿಸಿದರೂ ಮೆಲುಕು ಕಡಿಮೆಯಾಗಿ ಹಾಲಿನ ಕೊಬ್ಬು ಇಳಿಯುತ್ತದೆ. ಮೇವು ಹಾಕಿ ಎರಡು ಗಂಟೆ ಬಿಟ್ಟು ಕೊಟ್ಟಿಗೆ ನೋಡಿ: ಮಲಗಿರುವ ಹಸುಗಳಲ್ಲಿ ಅರ್ಧದಷ್ಟಾದರೂ ಮೆಲುಕು ಹಾಕುತ್ತಿರಬೇಕು.