ಕಾಪು ದೀಪಸ್ತಂಭ: ಎಷ್ಟು ಹೊತ್ತಿಗೆ ಹೋಗಬೇಕು, ಹತ್ತುವುದು ಕಷ್ಟವೇ?

ಮಲೆಸೀಮೆ:
ಡಿಸೆಂಬರ್ ಎರಡನೇ ವಾರ ಶಿವಮೊಗ್ಗದಿಂದ ಆಗುಂಬೆ ಘಾಟಿ ಇಳಿದು ಕಾಪುವಿಗೆ ಬರುತ್ತಿದ್ದೇವೆ. ಜೊತೆಗೆ ಮಂಡಿನೋವಿರುವ ಅಮ್ಮ, ಆರು ವರ್ಷದ ಮಗ. ದೀಪಸ್ತಂಭದ ಮೇಲೂ ಹತ್ತಬೇಕು, ಸೂರ್ಯಾಸ್ತದ ಫೋಟೊನೂ ಬೇಕು. ಎಷ್ಟು ಹೊತ್ತಿಗೆ ತಲುಪಿದರೆ ಸರಿ? ಮೆಟ್ಟಿಲು ಹೇಗಿವೆ?

ಕಡಲಕರೆ:
ಮೇಲೆ ಬಿಡುವುದು ಸಾಮಾನ್ಯವಾಗಿ ಸಂಜೆ 4 ಗಂಟೆಯ ನಂತರ. ನೀವು ಬರುವ ವಾರ ಸೂರ್ಯ ಮುಳುಗುವುದು 6 ದಾಟಿ ಐದು-ಹತ್ತು ನಿಮಿಷಕ್ಕೆ. ಅಷ್ಟರೊಳಗೆ ಬಾಗಿಲು ಹಾಕಿಬಿಡಬಹುದು. ಅದಕ್ಕೇ ಎರಡನ್ನೂ ಬೇರೆ ಬೇರೆ ಇಟ್ಟುಕೊಳ್ಳಿ: ಮೂರೂವರೆಗೆ ಬಂಡೆಯ ಬುಡದಲ್ಲಿರಿ, 4ಕ್ಕೆ ಹತ್ತಿ ಇಳಿಯಿರಿ, ಸೂರ್ಯಾಸ್ತವನ್ನು ಮರಳಿನ ಮೇಲೆ ನಿಂತು ನೋಡಿ. ಆದಷ್ಟು ಶನಿವಾರ, ಭಾನುವಾರ ಬೇಡ. ಮೇಲಿನ ಗ್ಯಾಲರಿ ಕಿರಿದು, ಹೋದವರು ಇಳಿಯದೆ ಹೊಸಬರಿಗೆ ಜಾಗವಿಲ್ಲ, ಸಾಲು ಅಲ್ಲೇ ನಿಂತುಬಿಡುತ್ತದೆ. ಟಿಕೆಟ್ ದರ ಸಣ್ಣದು, ಚಿಲ್ಲರೆ ಜೇಬಿನಲ್ಲಿರಲಿ.

ಹೆದ್ದಾರಿ 66ರಲ್ಲಿ ಉಡುಪಿಯಿಂದ ತೆಂಕಕ್ಕೆ 13 ಕಿ.ಮೀ. ಬಂದರೆ ಕಾಪು ಪೇಟೆ. ಅಲ್ಲಿಂದ ಪಡುವಣಕ್ಕೆ ತಿರುಗಿದರೆ ಸ್ವಲ್ಪ ದೂರದಲ್ಲೇ ಬೀಚ್.

ಅಮ್ಮನ ವಿಷಯ ನೇರವಾಗಿ ಹೇಳುತ್ತೇನೆ. ಗೋಪುರ ನಿಂತಿರುವುದೇ ದೊಡ್ಡ ಬಂಡೆಯ ಮೇಲೆ, ಅಲ್ಲಿಗೇ ಒಂದು ಸುತ್ತು ಮೆಟ್ಟಿಲು ಹತ್ತಬೇಕು. ಗೋಪುರ 27 ಮೀಟರಿಗಿಂತ ಸ್ವಲ್ಪ ಹೆಚ್ಚು ಎತ್ತರ, ಒಳಗೆ ಸುರುಳಿ ಮೆಟ್ಟಿಲು. ಕೊನೆಗೆ ಕಡಿದಾದ ಏಣಿ, ಬಗ್ಗಿ ನುಸುಳುವಂಥ ಸಣ್ಣ ಬಾಗಿಲು. ಮಂಡಿನೋವಿನವರಿಗೆ ಏಣಿ ಇಳಿಯುವುದೇ ಕಷ್ಟ, ಹತ್ತುವುದಲ್ಲ. ಅವರು ಗೋಪುರದ ಬುಡದಲ್ಲೇ ಕೂರಲಿ. ಅಲ್ಲಿಂದಲೂ ಕಡಲು ಬೇಕಾದಷ್ಟು ಕಾಣುತ್ತದೆ.

ಮಗನನ್ನು ಬಿಡುತ್ತಾರೆಯೇ ಎಂದು ಮೊದಲು ಕೇಳಿಕೊಳ್ಳಿ. ಬಿಟ್ಟರೆ ಹತ್ತುವಾಗ ನೀವು ಅವನ ಹಿಂದೆ, ಇಳಿಯುವಾಗ ಅವನಿಗಿಂತ ಮೊದಲು. ಏಣಿಗೆ ಮುಖ ಮಾಡಿಯೇ ಇಳಿಯಬೇಕು. ಎರಡೂ ಕೈ ಖಾಲಿಯಿರಲಿ, ಮೊಬೈಲು ಚೀಲದೊಳಗೆ. ಮೇಲೆ ಗಾಳಿ ಜೋರು, ಟೋಪಿ ನಿಲ್ಲುವುದಿಲ್ಲ.

ಬೆಳಕಿನ ಬಳೆ:
ಹತ್ತುವ ಮುಂಚೆ ಇದಿಷ್ಟು ಗೊತ್ತಿದ್ದರೆ ನೋಡುವುದಕ್ಕೆ ಇನ್ನೂ ಚೆನ್ನ. ಈ ಗೋಪುರ ಕಟ್ಟಿದ್ದು 1901ರಲ್ಲಿ. ಕರೆಯ ಹತ್ತಿರದ ಬಂಡೆಗಳಿಂದ ಹಡಗುಗಳನ್ನು ದೂರ ಇಡುವುದೇ ಇದರ ಕೆಲಸ. ಆಗ ಸೀಮೆಎಣ್ಣೆ ದೀಪ, ಈಗ ವಿದ್ಯುತ್ತು. ದೀಪ ಚಿಕ್ಕದಿದ್ದರೂ ಬೆಳಕು ದೂರ ಹೋಗುವುದು ಫ್ರೆನೆಲ್ ಮಸೂರದ ವಿದ್ಯೆಯಿಂದ. ದಪ್ಪ ಗಾಜಿನ ಬದಲು ಉಂಗುರ ಉಂಗುರವಾಗಿ ಪಟ್ಟಕಗಳನ್ನು ಜೋಡಿಸಿದರೆ, ಸುತ್ತಲೂ ಚದುರಿ ಹೋಗುವ ಬೆಳಕು ದಿಗಂತದ ಕಡೆಗೆ ಒಟ್ಟಾಗುತ್ತದೆ. ಇದೇ ಹಗಲಿನಲ್ಲಿ ತಿರುಗುಮುರುಗಾಗಿ ಬಿಸಿಲನ್ನು ದೀಪದ ಮೇಲೆ ಕೇಂದ್ರೀಕರಿಸುತ್ತದೆ. ದೀಪಸ್ತಂಭಗಳಲ್ಲಿ ಹಗಲು ಪರದೆ ಎಳೆಯುವ ರೂಢಿ ಬಂದದ್ದು ಅದಕ್ಕೇ. ಗಾಜನ್ನು ಮುಟ್ಟಬೇಡಿ, ಬೆರಳಿನ ಎಣ್ಣೆ ಬೆಳಕನ್ನು ಮಂಕು ಮಾಡುತ್ತದೆ.

ಕಪ್ಪು-ಬಿಳಿ ಪಟ್ಟೆಯೂ ಅಂದಕ್ಕೆ ಬಳಿದದ್ದಲ್ಲ. ಹಗಲು ನಾವಿಕರು ಗೋಪುರವನ್ನು ಗುರುತಿಸುವುದು ಪಟ್ಟೆಯಿಂದ, ರಾತ್ರಿ ಮಿನುಗಿನ ಲೆಕ್ಕದಿಂದ. ಕತ್ತಲಾದ ಮೇಲೆ ಹತ್ತು ನಿಮಿಷ ನಿಂತು ಆ ಲೆಕ್ಕವನ್ನು ಗಡಿಯಾರ ಹಿಡಿದು ಮಗನಿಂದ ಎಣಿಸಿ. ಬರೀ 27 ಮೀಟರ್ ಎತ್ತರದಿಂದಲೇ ದಿಗಂತ ಸುಮಾರು 18.5 ಕಿ.ಮೀ. ಆಚೆಗಿರುತ್ತದೆ, ಬಂಡೆಯ ಎತ್ತರ ಸೇರಿದರೆ ಇನ್ನೂ ದೂರ.

ನೆರಳುಬೆಳಕು:
ಫೋಟೊಗೆ: ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು ನೇರ ಪಡುವಣಕ್ಕಲ್ಲ, ಸುಮಾರು 24 ಡಿಗ್ರಿ ತೆಂಕಕ್ಕೆ ಸರಿದು. ಗೋಪುರದ ಹಿಂದೆಯೇ ಸೂರ್ಯ ಬರಬೇಕಾದರೆ ನೀವು ಅದರ ಈಶಾನ್ಯಕ್ಕೆ, ಅಂದರೆ ಬಡಗು ಬದಿಯ ಮರಳಿನ ಮೇಲೆ ನಿಲ್ಲಬೇಕು. ಮೇ ತಿಂಗಳಲ್ಲಾದರೆ ಇದು ತಲೆಕೆಳಗು. ಸಂಜೆ ಗೋಪುರ ಕಪ್ಪು ನೆರಳಾಗಿಯೇ ಬರುತ್ತದೆ. ಪಟ್ಟೆಗಳು ಸ್ಪಷ್ಟ ಬೇಕಿದ್ದರೆ ಬೆಳಿಗ್ಗೆ 8ರ ಹೊತ್ತಿಗೆ ಇನ್ನೊಮ್ಮೆ ಬನ್ನಿ, ಬಿಸಿಲು ಮೂಡಣದಿಂದ ನೇರ ಬೀಳುತ್ತದೆ. ಡ್ರೋನ್ ಅನುಮತಿಯಿಲ್ಲದೆ ಬೇಡ.

ಮಲೆಸೀಮೆ:
ಉಪಕಾರವಾಯಿತು. ಬಂಡೆಯ ಸುತ್ತ ನೀರಿಗೆ ಇಳಿಯಬಹುದಾ? ಮಗ ಬಿಡುವವನಲ್ಲ.

ಕಡಲಕರೆ:
ಬಂಡೆಯ ಹತ್ತಿರ ಬೇಡವೇ ಬೇಡ. ಅಲೆ ಬಂಡೆಗೆ ಬಡಿದು ಹಿಂದಕ್ಕೆ ಎಳೆಯುತ್ತದೆ, ಕಲ್ಲಿಗೆ ಅಂಟಿದ ಚಿಪ್ಪು ಕಾಲು ಸೀಳುತ್ತದೆ, ಪಾಚಿ ಜಾರುತ್ತದೆ. ಭರತದಲ್ಲಿ ನೀರು ಬಂಡೆಯ ಬುಡಕ್ಕೇ ಬರುತ್ತದೆ. ಮಲ್ಪೆಯ ಭರತ-ಇಳಿತದ ಪಟ್ಟಿ ನೋಡಿಕೊಂಡೇ ಹೊರಡಿ. ಭರತ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಇವತ್ತು ಸಂಜೆ 4ಕ್ಕಿದ್ದರೆ ನಾಳೆ 4.50ರ ಆಸುಪಾಸು. ಹುಣ್ಣಿಮೆ, ಅಮಾವಾಸ್ಯೆಯ ಆಚೀಚೆ ಏರಿಳಿತ ಹೆಚ್ಚು. ಮಗನನ್ನು ಬಂಡೆಯಿಂದ ದೂರದ ಚಪ್ಪಟೆ ಮರಳಿಗೆ ಕರೆದೊಯ್ಯಿರಿ, ಜನ ಇರುವ ಕಡೆ, ನೀರು ಅವನ ಮಂಡಿ ಮುಟ್ಟದ ಹಾಗೆ, ಕೈ ಹಿಡಿದೇ.