ಜಠರ ಕ್ಯಾನ್ಸರ್: ಟಿಸಿಜಿಎಯಲ್ಲಿ ಬಂದ ಸರ್ವೈವಲ್ ವ್ಯತ್ಯಾಸ ಎಸಿಆರ್‌ಜಿಯಲ್ಲಿ ಬರುತ್ತಿಲ್ಲ

ಎಣಿಕೆಮನೆ

ಕೊಲಾಜನ್ (ಅಂಗಾಂಶದ ನಾರಿನ ಪ್ರೋಟೀನ್) ಜಾಲಕ್ಕೆ ಸಂಬಂಧಿಸಿದ ಒಂದು ಜೀನ್‌ನ ಮಟ್ಟಕ್ಕೂ ರೋಗಿಗಳು ಬದುಕುಳಿಯುವ ಅವಧಿಗೂ (ಸರ್ವೈವಲ್) ಸಂಬಂಧವಿದೆಯೇ ಎಂದು ನೋಡುತ್ತಿದ್ದೇನೆ. ಕೆಲಸ ಇನ್ನೂ ಪ್ರಕಟವಾಗಿಲ್ಲ, ಹಾಗಾಗಿ ಹೆಸರು ಹಾಕುತ್ತಿಲ್ಲ. ಟಿಸಿಜಿಎ-ಸ್ಟ್ಯಾಡ್‌ನ (ಅಮೆರಿಕದ ಸಾರ್ವಜನಿಕ ಕ್ಯಾನ್ಸರ್ ಜೀನೋಮ್ ಡೇಟಾದ ಜಠರ ಭಾಗ) ಸ್ಟಾರ್ ಕೌಂಟ್ಸ್ (ಜೀನ್‌ವಾರು ಆರ್‌ಎನ್‌ಎ ಎಣಿಕೆ) ಫೈಲುಗಳಿಂದ ಟಿಪಿಎಂ (ಸರಿದೂಗಿಸಿದ ಎಣಿಕೆ) ತೆಗೆದು, ಲಾಗ್2(ಟಿಪಿಎಂ+1) ಮಾಡಿ, ಆರ್ ಭಾಷೆಯ ಸರ್ವ್‌ಮೈನರ್ ಪ್ಯಾಕೇಜಿನ ಸರ್ವ್_ಕಟ್‌ಪಾಯಿಂಟ್‌ನಿಂದ ಹೈ, ಲೋ ಎಂದು ಎರಡು ಗುಂಪು ಮಾಡಿದರೆ ಕೆಎಂ (ಕಪ್ಲಾನ್-ಮೈಯರ್, ಕಾಲ ಕಳೆದಂತೆ ಬದುಕುಳಿದವರ ಪ್ರಮಾಣ) ಗೆರೆಗಳು ಚೆನ್ನಾಗಿ ಬೇರೆಯಾಗುತ್ತವೆ. ಪಿ ಮೌಲ್ಯ (ನಿಜವಾದ ವ್ಯತ್ಯಾಸ ಇಲ್ಲದಿದ್ದರೂ ಆಕಸ್ಮಿಕವಾಗಿ ಇಷ್ಟು ಬರುವ ಸಾಧ್ಯತೆ) 0.01ಕ್ಕಿಂತ ಕೆಳಗೆ.

ಅದೇ ಕಟ್‌ಆಫನ್ನು ಎಸಿಆರ್‌ಜಿ ಡೇಟಾಕ್ಕೆ (ಏಷ್ಯನ್ ಕ್ಯಾನ್ಸರ್ ರಿಸರ್ಚ್ ಗ್ರೂಪ್‌ನದು, ಜಿಎಸ್ಇ62254, 300 ಗಡ್ಡೆಗಳು) ಹಾಕಿದರೆ ಬಹುತೇಕ ಎಲ್ಲರೂ ಹೈ ಗುಂಪಿಗೇ ಬೀಳುತ್ತಾರೆ. ಎರಡನ್ನೂ ಸೇರಿಸಿ ಕಾಂಬ್ಯಾಟ್ (ಡೇಟಾಗಳ ನಡುವಿನ ತಾಂತ್ರಿಕ ವ್ಯತ್ಯಾಸ ತೆಗೆಯುವ ವಿಧಾನ) ಓಡಿಸಿದರೆ ವ್ಯತ್ಯಾಸವೇ ಉಳಿಯುವುದಿಲ್ಲ. ಇನ್ನೊಂದು ಅನುಮಾನ: ಟಿಸಿಜಿಎಯಲ್ಲಿ ಸಾವಿನ ಸಂಖ್ಯೆ ಇರಬೇಕಾದ್ದಕ್ಕಿಂತ ತೀರಾ ಕಡಿಮೆ ಕಾಣುತ್ತಿದೆ. ಎಲ್ಲಿಂದ ಹುಡುಕಲಿ?

ಗೆರೆಗಣಿತ

ಸಾವಿನ ಸಂಖ್ಯೆಯಿಂದಲೇ ಶುರು ಮಾಡಿ. ಅದು ಸರಿಯಾಗದೆ ಉಳಿದದ್ದಕ್ಕೆ ಅರ್ಥವಿಲ್ಲ.

ಜಿಡಿಸಿಯ (ಟಿಸಿಜಿಎ ಡೇಟಾ ಸಿಗುವ ತಾಣ) ಕ್ಲಿನಿಕಲ್ ಫೈಲಿನಲ್ಲಿ ಸಮಯ ಎರಡು ಕಾಲಂಗಳಲ್ಲಿ ಹಂಚಿಹೋಗಿದೆ. ಬದುಕಿರುವವರಿಗೆ ಡೇಸ್_ಟು_ಲಾಸ್ಟ್_ಫಾಲೋ_ಅಪ್, ತೀರಿಕೊಂಡವರಿಗೆ ಡೇಸ್_ಟು_ಡೆತ್. ಮೊದಲನೆಯದನ್ನು ಮಾತ್ರ ತೆಗೆದುಕೊಂಡರೆ ತೀರಿಕೊಂಡ ಅನೇಕರ ಸಾಲು ಖಾಲಿ ಇರುತ್ತದೆ, ಆರ್ ಅವರನ್ನು ಸದ್ದಿಲ್ಲದೆ ಕೈಬಿಡುತ್ತದೆ. ಎರಡೂ ಕಾಲಂ ಸೇರಿಸಿ ಒಂದು ಮಾಡಿ. ಅದಕ್ಕಿಂತ ಸುಲಭ, 2018ರಲ್ಲಿ ಬಂದ ಟಿಸಿಜಿಎ-ಸಿಡಿಆರ್ ಕೋಷ್ಟಕ ಬಳಸಿ. ಓಎಸ್ (ಒಟ್ಟು ಬದುಕುಳಿದ ಅವಧಿ), ಡಿಎಸ್ಎಸ್ (ಆ ರೋಗದಿಂದ ಸಾಯದೆ ಉಳಿದ ಅವಧಿ), ಪಿಎಫ್ಐ (ರೋಗ ಮುಂದುವರಿಯದೆ ಕಳೆದ ಅವಧಿ) ಎಲ್ಲ ಅದರಲ್ಲಿ ಸಿದ್ಧವಿದೆ.

ಆಮೇಲೆ ಟಿಸಿಜಿಎ ಸ್ಯಾಂಪಲ್‌ಗಳ ಬಾರ್‌ಕೋಡ್. ಮೊದಲ 12 ಅಕ್ಷರ ರೋಗಿಯದು. 14 ಮತ್ತು 15ನೇ ಅಕ್ಷರ ಸ್ಯಾಂಪಲ್ ಬಗೆ. 01 ಇದ್ದರೆ ಗಡ್ಡೆ, 11 ಇದ್ದರೆ ಪಕ್ಕದ ಸಾಮಾನ್ಯ ಅಂಗಾಂಶ. 12 ಅಕ್ಷರಕ್ಕೆ ಕತ್ತರಿಸಿ ಕ್ಲಿನಿಕಲ್ ಫೈಲಿಗೆ ಜೋಡಿಸುವವರಲ್ಲಿ ಅನೇಕರು 11ನ್ನು ತೆಗೆಯಲು ಮರೆತಿರುತ್ತಾರೆ. ಸಾಮಾನ್ಯ ಲೋಳೆಪೊರೆಯಲ್ಲಿ ನಿಮ್ಮ ಬಗೆಯ ಜೀನ್ ಕಡಿಮೆ ಇರುವುದರಿಂದ, ಒಬ್ಬನೇ ರೋಗಿ ಲೋ ಗುಂಪಿನಲ್ಲೂ ಹೈ ಗುಂಪಿನಲ್ಲೂ ಕೂತಿರುತ್ತಾನೆ. ಒಬ್ಬರಿಗೆ ಎರಡು ವಯಲ್ ಇದ್ದರೆ 01ಎ ಇಟ್ಟುಕೊಳ್ಳಿ. ಸ್ಟಾರ್ ಫೈಲಿನ ಮೇಲಿನ ಎನ್_ಅನ್‌ಮ್ಯಾಪ್ಡ್ ಮುಂತಾದ, ಜೀನ್ ಅಲ್ಲದ ನಾಲ್ಕು ಸಾಲು ತೆಗೆದಿದ್ದೀರಿ ಎಂದುಕೊಳ್ಳುತ್ತೇನೆ.

ಕಟ್‌ಆಫ್ ಒಯ್ದದ್ದು ಏಕೆ ಕೆಲಸ ಮಾಡಲಿಲ್ಲ ಎಂಬುದು ನೇರವಾಗಿದೆ. ಟಿಸಿಜಿಎ ಆರ್‌ಎನ್‌ಎ-ಸೀಕ್ (ಆರ್‌ಎನ್‌ಎ ತುಣುಕುಗಳನ್ನು ಓದಿ ಎಣಿಸುವುದು), ಅಲ್ಲಿ ಟಿಪಿಎಂ ಸೊನ್ನೆಯಿಂದ ಶುರು. ಎಸಿಆರ್‌ಜಿ ಅಫಿಮೆಟ್ರಿಕ್ಸ್ ಯು133 ಪ್ಲಸ್ 2.0 ಅರೇ (ಚಿಪ್‌ಗೆ ಅಂಟಿದ ಆರ್‌ಎನ್‌ಎಯ ಹೊಳಪು ಅಳೆಯುವುದು), ಆರ್‌ಎಂಎ (ಆ ಹೊಳಪನ್ನು ಸರಿದೂಗಿಸುವ ಲೆಕ್ಕ) ಮಾಡಿದ ಮೇಲೆ ಏನೂ ವ್ಯಕ್ತವಾಗದ ಜೀನ್ ಕೂಡ ಹಿನ್ನೆಲೆ ಹೊಳಪಿನಿಂದಲೇ 3, 4ರ ಆಸುಪಾಸು ತೋರಿಸುತ್ತದೆ. ಒಂದರ ಅಳತೆಗೋಲು ಇನ್ನೊಂದಕ್ಕೆ ಹೊಂದುವುದೇ ಇಲ್ಲ.

ಕಾಂಬ್ಯಾಟ್ ಬಿಡಿ. ಅದಕ್ಕೂ ಮೊದಲು ಒಂದು ನೋಡಿ: ಎಸಿಆರ್‌ಜಿಯಲ್ಲಿ ಬದುಕುಳಿದ ಅವಧಿ ತಿಂಗಳಲ್ಲಿದೆ, ಟಿಸಿಜಿಎಯಲ್ಲಿ ದಿನದಲ್ಲಿ. 30.44ರಿಂದ ಗುಣಿಸದೆ ಸೇರಿಸಿದ್ದರೆ ಎಸಿಆರ್‌ಜಿಯ ರೋಗಿಗಳೆಲ್ಲ ಮೂರ್ನಾಲ್ಕು ತಿಂಗಳೊಳಗೇ ಮುಗಿದಂತೆ ಕಾಣುತ್ತದೆ. ಸೇರಿಸಿದ ಕೆಎಂ ಗೆರೆ ಎಡಗಡೆ ಕಡಿದಾಗಿ ಇಳಿದು ಆಮೇಲೆ ಉದ್ದಕ್ಕೆ ಎಳೆದಿದ್ದರೆ ಕಾರಣ ಇದೇ.

ಇನ್ನು ಆ 0.01. ಸರ್ವ್_ಕಟ್‌ಪಾಯಿಂಟ್ ಎಲ್ಲ ಕಟ್‌ಆಫ್‌ಗಳನ್ನೂ ಪರೀಕ್ಷಿಸಿ ಅತಿ ಹೆಚ್ಚು ವ್ಯತ್ಯಾಸ ಕೊಡುವುದನ್ನು ಆರಿಸಿಕೊಡುತ್ತದೆ. ಅದೇ ಡೇಟಾದ ಮೇಲೆ ಮತ್ತೆ ಗುಂಪುಗಳನ್ನು ಹೋಲಿಸುವ ಲಾಗ್‌ರ್‍ಯಾಂಕ್ ಮಾಡಿದರೆ ಬರುವ ಪಿ ಮೌಲ್ಯಕ್ಕೆ ಬೆಲೆಯಿಲ್ಲ. ಆಲ್ಟ್‌ಮನ್ ಮತ್ತು ಸಂಗಡಿಗರು 1994ರಲ್ಲೇ ಇದನ್ನು ಲೆಕ್ಕ ಹಾಕಿ ತೋರಿಸಿದ್ದಾರೆ: ಶೇ 5 ಎಂದುಕೊಂಡ ಸುಳ್ಳು ಫಲಿತಾಂಶದ ಪ್ರಮಾಣ ಶೇ 40ರವರೆಗೆ ಏರಬಹುದು. ಹೀಗಿದ್ದೂ ವಾರಕ್ಕೊಂದು ಪೇಪರ್ ಇದೇ ವಿಧಾನದಲ್ಲಿ ಬರುತ್ತದೆ.

ಬದಲಿಗೆ ಜೀನನ್ನು ಕತ್ತರಿಸದೆ ಕಾಕ್ಸ್ ಮಾದರಿಗೆ (ಸಾವಿನ ಅಪಾಯ ಲೆಕ್ಕ ಹಾಕುವ ರಿಗ್ರೆಶನ್) ಕೊಡಿ. ಪ್ರತಿ ಡೇಟಾದೊಳಗೂ ಝಡ್-ಸ್ಕೋರ್ (ಸರಾಸರಿಯಿಂದ ಎಷ್ಟು ಸ್ಟ್ಯಾಂಡರ್ಡ್ ಡೀವಿಯೇಶನ್ ದೂರ) ಮಾಡಿದರೆ ಹಜಾರ್ಡ್ ರೇಶಿಯೋ (ಎಚ್‌ಆರ್, ಅಪಾಯ ಎಷ್ಟು ಪಟ್ಟು) ಒಂದು ಸ್ಟ್ಯಾಂಡರ್ಡ್ ಡೀವಿಯೇಶನ್‌ಗೆ ಎಷ್ಟು ಎಂದು ಬರುತ್ತದೆ. ಆಗ ಎರಡು ಪ್ಲಾಟ್‌ಫಾರ್ಮ್ ಹೋಲಿಸಬಹುದು. ಎರಡನ್ನೂ ಪ್ರತ್ಯೇಕವಾಗಿ ಓಡಿಸಿ, ಬೇಕಿದ್ದರೆ ಕೊನೆಯಲ್ಲಿ ಎರಡು ಎಚ್‌ಆರ್‌ಗಳನ್ನು ಮೆಟಾ ಅನಾಲಿಸಿಸ್‌ನಲ್ಲಿ ಸೇರಿಸಿ. ಸಂಬಂಧ ನೇರ ಗೆರೆಯಲ್ಲವೆನಿಸಿದರೆ ಮೂರು ಗಂಟಿನ ಸ್ಪ್ಲೈನ್ (ಬಾಗುವ ಗೆರೆ) ಸಾಕು. ಕಾಕ್ಸ್.ಝಡ್‌ಪಿಎಚ್ (ಅಪಾಯದ ಅನುಪಾತ ಕಾಲ ಕಳೆದರೂ ಒಂದೇ ಇದೆಯೇ ಎಂಬ ಪರೀಕ್ಷೆ) ಮರೆಯಬೇಡಿ. ಶಸ್ತ್ರಚಿಕಿತ್ಸೆಯಾದ 30 ದಿನದೊಳಗಿನ ಸಾವುಗಳನ್ನು ಬಿಟ್ಟೂ ಒಮ್ಮೆ ಓಡಿಸಿ ನೋಡಿ. ಅವು ಹೆಚ್ಚಾಗಿ ಆಪರೇಷನ್ನಿನ ತೊಡಕುಗಳು, ಗಡ್ಡೆಯ ಜೀವಶಾಸ್ತ್ರವಲ್ಲ.

ಅರೇಯಲ್ಲಿ ನಿಮ್ಮ ಜೀನ್‌ಗೆ ಹಲವು ಪ್ರೋಬ್‌ಸೆಟ್ (ಜೀನ್ ಹಿಡಿಯುವ ತುಣುಕುಗಳ ಗುಂಪು) ಇದ್ದರೆ ಸರಾಸರಿ ತೆಗೆಯಬೇಡಿ. _ಎಕ್ಸ್_ಎಟಿ ಎಂದು ಮುಗಿಯುವವು ಬೇರೆ ಜೀನ್‌ಗೂ ಅಂಟಬಹುದು. ಜೆಟ್‌ಸೆಟ್ ಅಂಕ (ಪ್ರೋಬ್‌ಸೆಟ್‌ನ ಗುಣಮಟ್ಟ) ನೋಡಿ ಒಂದನ್ನು ಆರಿಸಿ, ಸರ್ವೈವಲ್ ನೋಡುವ ಮೊದಲೇ.

ಸೂಕ್ಷ್ಮದರ್ಶಿ

ಮೇಲಿನದೆಲ್ಲ ಸರಿಪಡಿಸಿದ ಮೇಲೂ ನಿಮಗೆ ದೊಡ್ಡ ಪ್ರಶ್ನೆ ಉಳಿಯುತ್ತದೆ. ಕೊಲಾಜನ್ ಗುಂಪಿನ ಜೀನ್ ಅಂದಿರಿ. ಅದನ್ನು ಮಾಡುವುದು ಬಹುಮಟ್ಟಿಗೆ ಫೈಬ್ರೋಬ್ಲಾಸ್ಟ್ (ನಾರು ಮಾಡುವ ಕೋಶ), ಕ್ಯಾನ್ಸರ್ ಕೋಶವಲ್ಲ. ಲಾರೆನ್ ವಿಂಗಡಣೆಯ (ಜಠರ ಕ್ಯಾನ್ಸರನ್ನು ಸ್ಲೈಡ್ ನೋಡಿ ಬಗೆ ಮಾಡುವ ಕ್ರಮ) ಡಿಫ್ಯೂಸ್ ಬಗೆಯ ಸ್ಲೈಡ್ ನೋಡಿದರೆ ಗೊತ್ತಾಗುತ್ತದೆ: ಉಂಗುರದಾಕಾರದ ಕೋಶಗಳು ಒಂಟಿಯಾಗಿ, ಎರಡು ಮೂರಾಗಿ ಚದುರಿರುತ್ತವೆ, ಮಧ್ಯೆ ಪೂರ್ತಿ ನಾರು. ಆ ಚೂರನ್ನು ಅರೆದು ಆರ್‌ಎನ್‌ಎ ತೆಗೆದರೆ ಅರ್ಧಕ್ಕಿಂತ ಹೆಚ್ಚು ನಾರಿನದೇ ಇರಬಹುದು. ಎಸಿಆರ್‌ಜಿಯ ನಾಲ್ಕು ಉಪಬಗೆಗಳಲ್ಲಿ ಎಂಎಸ್‌ಎಸ್/ಇಎಂಟಿಯದು (ಕೋಶಗಳು ಬಿಡಿಯಾಗಿ ಹರಡುವ ಗುಣ ಪಡೆದ ಬಗೆ) ಅತಿ ಕೆಟ್ಟ ಫಲಿತಾಂಶ, ಎಂಎಸ್‌ಐಯದು (ಡಿಎನ್‌ಎ ತಪ್ಪು ತಿದ್ದುವ ವ್ಯವಸ್ಥೆ ಕೆಟ್ಟ ಬಗೆ) ಅತಿ ಒಳ್ಳೆಯದು. ಇಎಂಟಿ ಗುಂಪಿನಲ್ಲಿ ಡಿಫ್ಯೂಸ್ ಬಗೆಯೇ ಹೆಚ್ಚು. ನಿಮ್ಮ ಜೀನ್ ಆ ಗುಂಪಿನ ಇನ್ನೊಂದು ಹೆಸರಷ್ಟೇ ಆಗಿರಬಹುದು.

ಪರೀಕ್ಷೆ ಹೀಗೆ: ಎಸ್ಟಿಮೇಟ್ ಪ್ಯಾಕೇಜಿನ ಸ್ಟ್ರೋಮಲ್ ಸ್ಕೋರ್ (ಸ್ಟ್ರೋಮಾ, ಅಂದರೆ ಗಡ್ಡೆಯೊಳಗಿನ ನಾರಿನ ಅಂಶದ ಅಳತೆ) ತೆಗೆದು ಕಾಕ್ಸ್ ಮಾದರಿಗೆ ಸೇರಿಸಿ. ಆ ಸ್ಕೋರ್ 141 ಜೀನ್‌ಗಳದ್ದು. ನಿಮ್ಮದು ಅದರಲ್ಲೇ ಇದ್ದರೆ ಮೊದಲು ತೆಗೆದು ಸ್ಕೋರ್ ಮತ್ತೆ ಲೆಕ್ಕ ಹಾಕಿ, ಇಲ್ಲವಾದರೆ ಜೀನನ್ನು ಅದರಿಂದಲೇ ಸರಿಪಡಿಸಿದ ಹಾಗಾಗುತ್ತದೆ. ಟಿಸಿಜಿಎಗೆ ಡಿಎನ್‌ಎಯಿಂದ ಬಂದ ಆಬ್ಸಲ್ಯೂಟ್ ಪ್ಯೂರಿಟಿಯೂ (ಸ್ಯಾಂಪಲ್‌ನಲ್ಲಿ ಕ್ಯಾನ್ಸರ್ ಕೋಶಗಳ ಪಾಲು) ಸಿಗುತ್ತದೆ. ಅದು ಎಕ್ಸ್‌ಪ್ರೆಶನ್ ಮೇಲೆ ನಿಂತಿಲ್ಲ, ಹಾಗಾಗಿ ನನಗೆ ಅದರ ಮೇಲೆ ಹೆಚ್ಚು ನಂಬಿಕೆ.

ಎಣಿಕೆಮನೆ

ಇಬ್ಬರಿಗೂ ಧನ್ಯವಾದ. ಸಮಯದ ಕಾಲಂ ಸರಿಪಡಿಸಿದ ಮೇಲೆ ಸಾವಿನ ಸಂಖ್ಯೆ ಸಿಡಿಆರ್ ಜೊತೆ ಹೊಂದಿತು. ಝಡ್-ಸ್ಕೋರ್‌ನಲ್ಲಿ ಎರಡೂ ಡೇಟಾದಲ್ಲಿ ಎಚ್‌ಆರ್ 1ಕ್ಕಿಂತ ಮೇಲೆ, ಒಂದೇ ದಿಕ್ಕು. ಆದರೆ ಸ್ಟ್ರೋಮಲ್ ಸ್ಕೋರ್ ಸೇರಿಸಿದ ತಕ್ಷಣ ಎರಡರಲ್ಲೂ 1ರ ಹತ್ತಿರ ಬಂತು. ಸ್ಟೇಜ್ ಸೇರಿಸಿದರೆ ಟಿಸಿಜಿಎಯಲ್ಲಿ ಟಿ ಹಂತದ (ಗಡ್ಡೆ ಜಠರದ ಗೋಡೆಯಲ್ಲಿ ಎಷ್ಟು ಆಳ ಹೋಗಿದೆ) ಎಚ್‌ಆರ್ ವಿಚಿತ್ರವಾಗಿದೆ: ಟಿ3, ಟಿ4ಕ್ಕೆ ವ್ಯತ್ಯಾಸವೇ ಕಾಣುತ್ತಿಲ್ಲ. ನಮ್ಮಲ್ಲಿರುವ ಪ್ಯಾರಾಫಿನ್ ಬ್ಲಾಕ್‌ಗಳಲ್ಲಿ ಕ್ಯೂಆರ್‌ಟಿ-ಪಿಸಿಆರ್ (ಒಂದು ಜೀನ್‌ನ ಆರ್‌ಎನ್‌ಎ ಪ್ರಮಾಣ ಅಳೆಯುವ ಪರೀಕ್ಷೆ) ಮಾಡುವ ಯೋಚನೆಯಿತ್ತು. ಮುಂದುವರಿಯಲೋ ಬೇಡವೋ?

ಗೆರೆಗಣಿತ

ಟಿ ಹಂತದ್ದು ಎಜೆಸಿಸಿ (ಕ್ಯಾನ್ಸರ್ ಹಂತಗಳ ನಿಯಮಪುಸ್ತಕ) ಆವೃತ್ತಿಯ ಗೊಂದಲ. ಟಿಸಿಜಿಎಯ ರೋಗಿಗಳು ಬೇರೆ ಬೇರೆ ಆವೃತ್ತಿಯಲ್ಲಿ ಸ್ಟೇಜ್ ಆದವರು. ಅದಕ್ಕೊಂದು ಕಾಲಂ ಇದೆ, ನೋಡಿ. 6ನೇ ಆವೃತ್ತಿಯಲ್ಲಿ ಸಿರೋಸಾ (ಜಠರದ ಹೊರಪೊರೆ) ದಾಟಿದರೆ ಟಿ3, 7ನೆಯದರಲ್ಲಿ ಅದೇ ಟಿ4ಎ. ಹಳೆಯ ಟಿ2ಬಿ ಹೊಸ ಟಿ3. ಕ್ಯಾನ್ಸರ್ ಹರಡಿದ ನೋಡ್‌ಗಳದ್ದೂ (ದುಗ್ಧಗ್ರಂಥಿಗಳು) ಹಾಗೆಯೇ: 6ರಲ್ಲಿ 1ರಿಂದ 6 ನೋಡ್ ಅಂದರೆ ಎನ್1, 7ರಲ್ಲಿ 1-2 ಮಾತ್ರ ಎನ್1, 3ರಿಂದ 6 ಎನ್2. ಪಾಸಿಟಿವ್ ನೋಡ್ ಸಂಖ್ಯೆ ಇರುವವರಿಗೆ ಎನ್ ಅನ್ನು ನೀವೇ ಹೊಸದಾಗಿ ಹಾಕಬಹುದು. ಟಿಗೆ 6ನೆಯದನ್ನು 7ಕ್ಕೆ ಬದಲಿಸಿ. ಟಿ2 ಎಂದಷ್ಟೇ ಬರೆದು ಎ, ಬಿ ಹೇಳದವರನ್ನು ಊಹಿಸಬೇಡಿ, ಬಿಡಿ.

ಮಾದರಿಯಲ್ಲಿ ವಯಸ್ಸು, ಸ್ಟೇಜ್, ಎಂಎಸ್‌ಐ, ಲಾರೆನ್ ಬಗೆ ಸಾಕು. ಹತ್ತು ಸಾವಿಗೆ ಒಂದು ವೇರಿಯಬಲ್ ಎಂಬ ಲೆಕ್ಕ ದಾಟಬೇಡಿ. ಆಮೇಲೆ ಜೀನ್ ಇರುವ ಮಾದರಿ, ಇಲ್ಲದ ಮಾದರಿ, ಇವೆರಡರ ನಡುವೆ ಲೈಕ್ಲಿಹುಡ್ ರೇಶಿಯೋ ಪರೀಕ್ಷೆ ಮಾಡಿ, ಸಿ-ಇಂಡೆಕ್ಸ್ (ಮಾದರಿಯ ಊಹೆ ಎಷ್ಟು ಸರಿ ಎಂಬ ಅಂಕ) ಎಷ್ಟು ಏರಿತು ನೋಡಿ. ಸ್ಟೇಜ್ ಈಗಾಗಲೇ ಹೇಳುವುದನ್ನೇ ಜೀನ್ ಮತ್ತೆ ಹೇಳಿದರೆ ಅದು ಬಯೋಮಾರ್ಕರ್ ಅನ್ನಿಸಿಕೊಳ್ಳುವುದಿಲ್ಲ.

ಸೂಕ್ಷ್ಮದರ್ಶಿ

ಕ್ಯೂಆರ್‌ಟಿ-ಪಿಸಿಆರ್‌ಗೆ ಹೋಗುವ ಮೊದಲು ಐಎಚ್‌ಸಿ (ಸ್ಲೈಡಿನ ಮೇಲೆ ಪ್ರೋಟೀನಿಗೆ ಬಣ್ಣ ಬರಿಸುವುದು) ಮಾಡಿ. ಸಿಗ್ನಲ್ ಕೋಶದ್ದೋ ನಾರಿನದೋ ಎಂದು ಟ್ಯೂಬಿನೊಳಗಿನ ಆರ್‌ಎನ್‌ಎ ಹೇಳುವುದಿಲ್ಲ, ಸ್ಲೈಡ್ ಹೇಳುತ್ತದೆ. ಬಣ್ಣ ಬರೀ ನಾರಿನಲ್ಲೇ ಬಂದರೆ, ಸ್ಟ್ರೋಮಾದ ಮಾರ್ಕರ್ ಎಂದೇ ಬರೆಯಿರಿ. ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ, ಆದರೆ ಅದಕ್ಕೆ ಹೆಚ್ಚು ಅಗ್ಗದ ಸ್ಪರ್ಧಿ ಇದೆ: ಎಚ್ಅಂಡ್ಇ (ಮಾಮೂಲಿ ಬಣ್ಣ ಹಾಕಿದ) ಸ್ಲೈಡಿನಲ್ಲಿ ಕಣ್ಣಳತೆಯಲ್ಲಿ ಹೇಳುವ ಗಡ್ಡೆ-ನಾರಿನ ಅನುಪಾತ. ಅದನ್ನು ಮೀರಿಸಬೇಕು.

ಆಮೇಲೂ ಪಿಸಿಆರ್ ಬೇಕೆಂದರೆ: ಬ್ಲಾಕಿನ ಮೇಲ್ಮೈಯ ಮೊದಲ ಒಂದೆರಡು ಸೆಕ್ಷನ್ ಬಿಸಾಡಿ, ಅವು ಗಾಳಿಗೆ ಕೆಟ್ಟಿರುತ್ತವೆ. 10 ಮೈಕ್ರಾನಿನ ಮೂರ್ನಾಲ್ಕು ಸೆಕ್ಷನ್ ತೆಗೆದು, ಹಿಂದೆ ಮುಂದೆ ಒಂದೊಂದು ಎಚ್ಅಂಡ್ಇ ಮಾಡಿ, ಪೆಥಾಲಜಿಸ್ಟ್ ಗುರುತು ಹಾಕಿದ ಜಾಗವನ್ನಷ್ಟೇ ಕೆರೆದುಕೊಳ್ಳಿ. ಡಿಫ್ಯೂಸ್ ಬಗೆಯಲ್ಲಿ ಹೀಗೆ ಕೆರೆದರೂ ಶುದ್ಧ ಗಡ್ಡೆ ಸಿಗುವುದಿಲ್ಲ, ಅಂದಾಜು ಶೇಕಡಾವಾರನ್ನು ಬರೆದಿಟ್ಟುಕೊಳ್ಳಿ. ಫಾರ್ಮಲಿನ್ ಶೇ 10ರ ಬಫರ್ ಆದದ್ದೇ, ಹರ್2 ಪರೀಕ್ಷೆಗೆ ಹೇಳುವ 6ರಿಂದ 72 ಗಂಟೆಯ ಒಳಗೇ ಇತ್ತೇ ಎಂದು ರಿಜಿಸ್ಟರ್ ನೋಡಿ. ಶುಕ್ರವಾರ ಸಂಜೆ ಬಂದು ಸೋಮವಾರದ ರಜೆಯನ್ನೂ ಫಾರ್ಮಲಿನ್‌ನಲ್ಲೇ ಕಳೆದ ಸ್ಪೆಸಿಮನ್‌ಗಳೇ ಹೆಚ್ಚಾಗಿ ಕೈಕೊಡುವುದು.

ಆರ್‌ಐಎನ್ (ಆರ್‌ಎನ್‌ಎ ಎಷ್ಟು ಅಖಂಡ ಎಂಬ ಅಂಕ) ನೋಡಿ ಉಪಯೋಗವಿಲ್ಲ, ಡಿವಿ200 (200 ಬೇಸ್‌ಗಿಂತ ಉದ್ದದ ತುಣುಕುಗಳ ಪಾಲು) ನೋಡಿ. ಶೇ 30ಕ್ಕಿಂತ ಕೆಳಗಿದ್ದರೆ ಬಿಡಿ. ಆಂಪ್ಲಿಕಾನ್ (ಪಿಸಿಆರ್ ನಕಲು ಮಾಡುವ ತುಣುಕು) 60ರಿಂದ 80 ಬೇಸ್ ಮಾತ್ರ, ಎಕ್ಸಾನ್ ಸಂಧಿ ದಾಟಿ. 150ರ ಹಳೆಯ ಪ್ರೈಮರ್ ಇದ್ದರೆ ಹಳೆಯ ಬ್ಲಾಕೆಲ್ಲ ಲೋ ಎಂದೇ ಬರುತ್ತದೆ. ಹಳೆಯ ಬ್ಲಾಕ್ ಅಂದರೆ ಫಾಲೋಅಪ್ ಉದ್ದ ಇರುವ ರೋಗಿ, ಅಲ್ಲಿಗೆ ಒಂದು ಸುಳ್ಳು ಸರ್ವೈವಲ್ ಸಂಬಂಧ ತಾನಾಗಿಯೇ ಹುಟ್ಟುತ್ತದೆ. ಡಿಎನ್‌ಏಸ್ (ಡಿಎನ್‌ಎ ಕತ್ತರಿಸುವ ಕಿಣ್ವ) ಹಾಕಿ, ಆರ್‌ಟಿ ಕಿಣ್ವವಿಲ್ಲದ ಟ್ಯೂಬನ್ನೂ ಪ್ರತಿ ಸ್ಯಾಂಪಲ್‌ಗೆ ಇಡಿ. ಸ್ಟ್ಯಾಂಡರ್ಡ್ ಕರ್ವ್‌ನ ಇಳಿಜಾರು −3.6 ಮತ್ತು −3.1ರ ನಡುವೆ ಇರಲಿ. ಜಿಎಪಿಡಿಎಚ್ ಒಂದನ್ನೇ ನೆಚ್ಚಬೇಡಿ. ನಾಲ್ಕೈದು ರೆಫರೆನ್ಸ್ ಜೀನ್ (ಹೋಲಿಕೆಗೆ ಆಧಾರವಾಗುವವು) ಓಡಿಸಿ, ಜಿಯೋನಾರ್ಮ್‌ನಲ್ಲಿ ಸ್ಥಿರವಾದ ಮೂರನ್ನು ಇಟ್ಟುಕೊಳ್ಳಿ. ಸಿಟಿ (ಸಿಗ್ನಲ್ ಕಾಣಿಸುವ ಪಿಸಿಆರ್ ಸುತ್ತು) 35 ದಾಟಿದ ಬಾವಿಗಳನ್ನು ನಂಬಬೇಡಿ.

ಒಂದೇ ಪ್ಲೇಟಿನಲ್ಲಿ ಬದುಕಿರುವವರನ್ನೂ ತೀರಿಕೊಂಡವರನ್ನೂ ಬೆರೆಸಿ ಹಾಕಿ, ಪ್ಲೇಟ್ ಮಾಡುವವರಿಗೆ ಯಾರು ಯಾರೆಂದು ಗೊತ್ತಿರಬಾರದು. ಕಟ್‌ಆಫ್ ಇಡಲೇಬೇಕಾದರೆ ಮೀಡಿಯನ್ ಎಂದು ಈಗಲೇ ಪ್ರೋಟೋಕಾಲ್‌ನಲ್ಲಿ ಬರೆದು ಸಹಿ ಹಾಕಿಸಿ. ರಿಮಾರ್ಕ್ ಚೆಕ್‌ಲಿಸ್ಟ್ (ಗಡ್ಡೆಯ ಮಾರ್ಕರ್ ಅಧ್ಯಯನ ವರದಿ ಮಾಡುವ ಮಾರ್ಗಸೂಚಿ) ಕೇಳುವ ರಿವ್ಯೂವರ್ ಮೊದಲು ಹುಡುಕುವುದು ಅದನ್ನೇ.